ಹವ್ಯಾಸಿಯ ಸಂಕರ ಹೂವು, ವರ್ತಕನ ಅಲಕ್ಷ್ಯ

ಹೊಸ ಶತಮಾನದ ಮೊದಲ ವರ್ಷಗಳಲ್ಲಿ ಮಲೆನಾಡಿನ ಹಾಗೂ ಕರಾವಳಿಯ ಅಡಿಕೆ ತೋಟಗಳಿಗೆ ಹೊಸ ಬಗೆಯ ಬೆಳಗಿನ ಕೆಲಸವೊಂದು ಬಂದು ಸೇರಿಕೊಂಡಿತು. ಬಿಸಿಲೇರುವ ಮೊದಲೇ ಮನೆಮಂದಿ ಮುಳ್ಳನ್ನೋ ಹಲ್ಲುಕಡ್ಡಿಯನ್ನೋ ಹಿಡಿದು ವೆನಿಲ್ಲಾ ಬಳ್ಳಿಗಳ ಸಾಲಿನಲ್ಲಿ ಸಾಗುತ್ತ, ಅಂದು ಅರಳಿದ ಒಂದೊಂದು ಹೂವಿನ ಒಳಗಿರುವ ತೆಳುಪರದೆಯನ್ನು ಮೇಲೆತ್ತಿ, ಪರಾಗವನ್ನು ಶಲಾಕಾಗ್ರಕ್ಕೆ ಹೆಬ್ಬೆರಳಿನಿಂದ ಒತ್ತಿ ಮುಂದಿನ ಹೂವಿಗೆ ಹೋಗುತ್ತಿದ್ದರು. ಮಧ್ಯಾಹ್ನದ ಹೊತ್ತಿಗೆ ಹೂವು ಬಾಡಿಹೋಗುವುದರಿಂದ ಈ ಕೆಲಸಕ್ಕೆ ನಾಳೆ ಎಂಬುದಿರಲಿಲ್ಲ. 2000ದ ಏಪ್ರಿಲ್ ತಿಂಗಳಲ್ಲಿ ಹುದಾ ಚಂಡಮಾರುತವು ಮಡಗಾಸ್ಕರ್‌ನ ತೋಟಗಳನ್ನು ನೆಲಸಮಗೊಳಿಸಿದ ಮೇಲೆ ಏರತೊಡಗಿದ ಬೆಲೆಯು 2003ರಲ್ಲಿ ಕಿಲೋ ಒಂದಕ್ಕೆ ಸಾವಿರಾರು ರೂಪಾಯಿಗಳನ್ನು ಮುಟ್ಟಿದುದೂ, ಮುಂದಿನ ಎರಡು ವರ್ಷಗಳೊಳಗೆ ಪಾತಾಳಕ್ಕಿಳಿದುದೂ ವರ್ತಕ ಬಾಂಧವರ ನೆನಪಿನಿಂದ ಅಳಿದಿರಲಾರದು. ಎಷ್ಟೋ ತೋಟಗಳಲ್ಲಿ ಬಳ್ಳಿಗಳನ್ನು ಕಿತ್ತೆಸೆದು ಮತ್ತೆ ಕಾಳುಮೆಣಸು ಹಬ್ಬಿಸಲಾಯಿತು.

ಆ ಭರಾಟೆಯಲ್ಲಿ ಹೆಚ್ಚಿನವರು ಗಮನಿಸದೆ ಬಿಟ್ಟ ಸಂಗತಿಯೊಂದಿದೆ. ವೆನಿಲ್ಲಾ ಒಂದು ಆರ್ಕಿಡ್. 1841ರಲ್ಲಿ ರೀಯೂನಿಯನ್ ದ್ವೀಪದ ಎಡ್ಮಂಡ್ ಆಲ್ಬಿಯಸ್ ಎಂಬ ಹನ್ನೆರಡು ವರ್ಷದ ಗುಲಾಮ ಬಾಲಕನು ಕಂಡುಕೊಟ್ಟ ಕೈಚಳಕವನ್ನೇ ಕರ್ನಾಟಕದ ಸಾವಿರಾರು ಕೈಗಳು ಕಲಿತವು. ಅಂದರೆ ಆರ್ಕಿಡ್ ಜಾತಿಯ ಹೂವಿನ ಒಳರಚನೆಯನ್ನು ಬಲ್ಲ, ಅದರ ಪರಾಗವನ್ನು ಸ್ಥಾನಪಲ್ಲಟ ಮಾಡಬಲ್ಲ ಬೆರಳುಗಳು ರಾಜ್ಯದಲ್ಲಿ ಒಂದು ಕಾಲಕ್ಕೆ ಲೆಕ್ಕವಿಲ್ಲದಷ್ಟಿದ್ದವು. ವೆನಿಲ್ಲಾದಲ್ಲಿ ಪರಾಗವು ಅದೇ ಹೂವಿನಲ್ಲಿ ಒಂದು ಕೂದಲೆಳೆಯಷ್ಟು ದೂರ ಸರಿಯುತ್ತಿತ್ತು. ಅದನ್ನೇ ಒಂದು ಗಿಡದಿಂದ ಮತ್ತೊಂದು ಬಗೆಯ ಗಿಡಕ್ಕೆ ಒಯ್ದರೆ ಅದು ಸಂಕರಣವಾಗುತ್ತದೆ. ಹುಟ್ಟುವುದು ಹಿಂದೆಂದೂ ಇರದಿದ್ದ ಹೂವು. ಈ ಎರಡನೆಯ ಕೆಲಸವನ್ನು ಬೆಂಗಳೂರು, ಮೈಸೂರು, ಮಂಗಳೂರು, ಕೊಡಗುಗಳ ಮನೆಯಂಗಳಗಳಲ್ಲಿಯೂ ತಾರಸಿಗಳ ಮೇಲೂ ಬೆರಳೆಣಿಕೆಯ ಹವ್ಯಾಸಿಗಳು ಸದ್ದಿಲ್ಲದೆ ನಡೆಸಿಕೊಂಡು ಬರುತ್ತಿದ್ದಾರೆ. ವಾಣಿಜ್ಯ ಜಗತ್ತು ಅವರನ್ನು ಕುಂಡ, ಗೊಬ್ಬರ ಕೊಳ್ಳುವ ಗಿರಾಕಿಗಳೆಂದಷ್ಟೇ ಎಣಿಸಿದೆ. ಈ ಎಣಿಕೆ ತಪ್ಪು, ಮತ್ತು ದುಬಾರಿಯಾದ ತಪ್ಪು.

ಹವ್ಯಾಸಿಯ ಕೈಯಿಂದ ಉದ್ಯಮ ಹುಟ್ಟಿದ ನಿದರ್ಶನವನ್ನು ಹುಡುಕಲು ದೂರ ಹೋಗಬೇಕಾಗಿಲ್ಲ. ಸಿಂಗಪುರದ ತಂಜೋಂಗ್ ಪಗಾರ್‌ನಲ್ಲಿ ವಾಸವಾಗಿದ್ದ ಆಗ್ನೆಸ್ ಜೋಕಿಮ್ ಎಂಬ ಅರ್ಮೇನಿಯನ್ ಮನೆತನದ ಮಹಿಳೆಗೆ ತೋಟಗಾರಿಕೆಯಲ್ಲಿ ಅಪಾರ ಆಸಕ್ತಿಯಿತ್ತು. 1893ರಲ್ಲಿ ಆಕೆ ತನ್ನ ತೋಟದ ಹೊಸ ಹೂವೊಂದನ್ನು ಅಲ್ಲಿನ ಸಸ್ಯೋದ್ಯಾನದ ನಿರ್ದೇಶಕ ಹೆನ್ರಿ ರಿಡ್ಲೆಯವರ ಬಳಿಗೆ ಒಯ್ದರು. ರಿಡ್ಲೆ ಅದನ್ನು ಪರೀಕ್ಷಿಸಿ, ವಾಂಡಾ ಹೂಕೆರಿಯಾನಾ ಮತ್ತು ವಾಂಡಾ ಟೆರೆಸ್ ಎಂಬೆರಡು ಜಾತಿಗಳ ಸಂಕರವೆಂದು ಗುರುತಿಸಿ, ಅವರ ಹೆಸರಿನಲ್ಲಿಯೇ ವಾಂಡಾ ಮಿಸ್ ಜೋಕಿಮ್ ಎಂದು ಪ್ರಕಟಿಸಿದರು. ಅದು ಉದ್ದೇಶಪೂರ್ವಕ ಸಂಕರವೋ ಕೀಟಗಳು ಮಾಡಿದ್ದೋ ಎಂಬ ವಿವಾದ ಬಹಳ ಕಾಲ ನಡೆಯಿತು. ಕಡೆಗೆ ಸಿಂಗಪುರದ ಅಧಿಕೃತ ಸಂಸ್ಥೆಗಳು ಆಕೆಯೇ ಸೃಷ್ಟಿಕರ್ತೆಯೆಂದು ಮನ್ನಿಸಿದವು. ಆಕೆ 1899ರಲ್ಲಿ, ಆ ಹೂವಿಗೆ ಪುಷ್ಪ ಪ್ರದರ್ಶನದಲ್ಲಿ ಬಹುಮಾನ ಬಂದ ವರ್ಷವೇ, ತೀರಿಕೊಂಡರು. ಗಿಡದ ಕಾಂಡವನ್ನು ತುಂಡರಿಸಿ ನೆಟ್ಟರೆ ಬದುಕುವ ಗುಣದಿಂದಾಗಿ ಅದು ಕೈಯಿಂದ ಕೈಗೆ ಹರಿದು, ಮುಂದೆ ಹವಾಯಿ ದ್ವೀಪಗಳಲ್ಲಿ ಹಾರಕ್ಕೂ ಅಲಂಕಾರಕ್ಕೂ ಬಳಕೆಯಾಗುವ ದೊಡ್ಡ ವ್ಯಾಪಾರದ ಸರಕಾಯಿತು. 1981ರಲ್ಲಿ ಸಿಂಗಪುರವು ಅದನ್ನು ರಾಷ್ಟ್ರಪುಷ್ಪವನ್ನಾಗಿ ಆರಿಸಿಕೊಂಡಿತು. ಸಸ್ಯವಿಜ್ಞಾನಿಗಳು ಈಗ ಅದನ್ನು ಪ್ಯಾಪಿಲಿಯೊನಾಂಥೆ ಎಂಬ ಕುಲಕ್ಕೆ ಸೇರಿಸಿದ್ದಾರೆ. ಆದರೆ ಜನರ ಬಾಯಲ್ಲಿ ಹಳೆಯ ಹೆಸರೇ ಉಳಿದಿದೆ.

ಥಾಯ್ಲೆಂಡಿನ ಕಥೆ ಇನ್ನೂ ಪ್ರಸ್ತುತ. ಇಪ್ಪತ್ತನೆಯ ಶತಮಾನದ ಮಧ್ಯಭಾಗದವರೆಗೂ ಅಲ್ಲಿ ಆರ್ಕಿಡ್ ಬೆಳೆಸುವುದು ಅರಮನೆಯವರ ಹಾಗೂ ಸಿರಿವಂತರ ಶೋಕಿಯಾಗಿತ್ತು. ಕಸೆಟ್ಸಾರ್ಟ್ ವಿಶ್ವವಿದ್ಯಾಲಯದ ರಪೀ ಸಾಗರಿಕ್ ಅವರು ತಾವೇ ಹವ್ಯಾಸಿಯಾಗಿ ಸಂಕರಣ ನಡೆಸುತ್ತ, ಸಂಘಗಳನ್ನು ಕಟ್ಟುತ್ತ, ದೂರದರ್ಶನದ ಮೂಲಕ ಜನಸಾಮಾನ್ಯರಿಗೆ ಪಾಠ ಹೇಳುತ್ತ ಆ ಗೋಡೆಯನ್ನು ಒಡೆದರು. 1978ರಲ್ಲಿ ಒಂಬತ್ತನೆಯ ವಿಶ್ವ ಆರ್ಕಿಡ್ ಸಮ್ಮೇಳನ ಬ್ಯಾಂಕಾಕಿನಲ್ಲಿ ನಡೆಯುವ ಹೊತ್ತಿಗೆ ಆ ದೇಶವು ರಫ್ತುದಾರರ ಸಾಲಿನಲ್ಲಿ ನಿಂತಿತ್ತು. ಇಂದು ಉಷ್ಣವಲಯದ ಆರ್ಕಿಡ್ ಹೂವುಗಳ ರಫ್ತಿನಲ್ಲಿ ಅದಕ್ಕೇ ಅಗ್ರಸ್ಥಾನ. ಗಮನಿಸಬೇಕಾದ ಅಂಶವೆಂದರೆ ಆ ಉದ್ಯಮವು ಭಾರೀ ಕಂಪನಿಗಳಿಂದ ಆರಂಭವಾದುದಲ್ಲ. ನಖೋನ್ ಪಥೋಮ್, ಸಮುತ್ ಸಾಖೋನ್, ನೊಂಥಬುರಿ ಪ್ರಾಂತಗಳ ಕಾಲುವೆ ಬದಿಯ ಕುಟುಂಬಗಳ ನೆರಳುಮನೆಗಳಿಂದ ಬೆಳೆದುದು. ಮೊದಲಿಗೆ ಪಾಂಪದೂರ್ ಎಂಬ ಪರದೇಶಿ ಸಂಕರ ಡೆಂಡ್ರೋಬಿಯಂ ಅವರ ಕೈಹಿಡಿಯಿತು. ತರುವಾಯ ಸೋನಿಯಾ ಎಂಬ ಸಂಕರ ಬಂದು ಅದರ ಸ್ಥಾನವನ್ನು ಆಕ್ರಮಿಸಿತು. ಬೆಂಗಳೂರಿನ ಮದುವೆ ಮಂಟಪಗಳಲ್ಲಿ ಕಾಣುವ ನೇರಳೆ-ಬಿಳಿ ಬಣ್ಣದ ಆರ್ಕಿಡ್ ದಂಡೆಗಳು ಬಹುಪಾಲು ಈ ಸೋನಿಯಾದ ವಂಶದವೇ. ಕೇರಳದಲ್ಲಿಯೂ ಕರ್ನಾಟಕದ ಕರಾವಳಿಯಲ್ಲಿಯೂ ಬೆಳೆಯುವವರು ನೆಡುವುದು ಅದನ್ನೇ. ಬೆವರು ಇಲ್ಲಿನದು, ತಳಿ ಅಲ್ಲಿನದು.

ಈ ವಿದ್ಯೆ ಸಾಮಾನ್ಯರ ಅಡುಗೆಮನೆಗೆ ಇಳಿದದ್ದು ಹೇಗೆಂಬುದನ್ನು ತಿಳಿಯದೆ ಹವ್ಯಾಸಿಯ ಬೆಲೆ ತಿಳಿಯದು. ಮನುಷ್ಯ ಪ್ರಯತ್ನದಿಂದ ಹುಟ್ಟಿ ಹೂಬಿಟ್ಟ ಮೊದಲ ಆರ್ಕಿಡ್ ಸಂಕರ 1856ರದು. ಇಂಗ್ಲೆಂಡಿನ ಎಕ್ಸೆಟರ್‌ನ ವೀಚ್ ನರ್ಸರಿಯಲ್ಲಿ ಜಾನ್ ಡಾಮಿನಿ ಎಂಬ ಮೇಸ್ತ್ರಿಯು, ಜಾನ್ ಹ್ಯಾರಿಸ್ ಎಂಬ ಶಸ್ತ್ರವೈದ್ಯರ ಸಲಹೆಯಂತೆ, ಎರಡು ಕ್ಯಾಲಾಂಥೆ ಜಾತಿಗಳನ್ನು ಕೂಡಿಸಿ ಅದನ್ನು ಪಡೆದನು. ಅಂದಿನಿಂದ ಅರವತ್ತು ವರ್ಷಗಳಿಗೂ ಹೆಚ್ಚು ಕಾಲ ಇದು ಧನಿಕ ನರ್ಸರಿಗಳ ಏಕಸ್ವಾಮ್ಯವಾಗಿತ್ತು. ಕಾರಣ ಸರಳ: ಕಾಯಿ ಕಟ್ಟುತ್ತಿತ್ತು, ಬೀಜ ಮೊಳೆಯುತ್ತಿರಲಿಲ್ಲ. ಆರ್ಕಿಡ್ ಬೀಜ ಧೂಳಿನಷ್ಟು ಸಣ್ಣದು. ಭತ್ತ, ತೊಗರಿಗಳಲ್ಲಿರುವಂತೆ ಮೊಳಕೆಗೆ ಬೇಕಾದ ಆಹಾರದ ಗಂಟು ಅದರೊಳಗಿಲ್ಲ. ನಿಸರ್ಗದಲ್ಲಿ ಒಂದು ಬಗೆಯ ಶಿಲೀಂಧ್ರವು ಬೀಜದೊಳಗೆ ಹೊಕ್ಕು ಅದಕ್ಕೆ ಉಣಿಸುತ್ತದೆಂಬುದನ್ನು ಫ್ರಾನ್ಸಿನ ನೋಯೆಲ್ ಬರ್ನಾರ್ 1899ರಲ್ಲಿ ಕಂಡುಹಿಡಿದರು. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಲೂಯಿಸ್ ನಡ್ಸನ್ 1922ರಲ್ಲಿ ಅದಕ್ಕೂ ಮುಂದೆ ಹೋಗಿ, ಸಕ್ಕರೆ ಮತ್ತು ಲವಣಗಳು ಬೆರೆತ ಅಗರ್ ಮೇಲೆ ಬಿತ್ತಿದರೆ ಶಿಲೀಂಧ್ರದ ಹಂಗಿಲ್ಲದೆಯೇ ಬೀಜ ಮೊಳೆಯುತ್ತದೆಂದು ತೋರಿಸಿದರು. 1960ರಲ್ಲಿ ಫ್ರಾನ್ಸಿನ ಜಾರ್ಜ್ ಮೊರೆಲ್ ಕುಡಿಯ ಅಂಗಾಂಶದಿಂದ ಸಿಂಬಿಡಿಯಂ ಗಿಡವನ್ನು ವೃದ್ಧಿಗೊಳಿಸುವ ಬಗೆಯನ್ನು ಪ್ರಕಟಿಸಿದ ಮೇಲೆ, ಆರಿಸಿದ ಒಂದೇ ಗಿಡದ ಯಥಾಪ್ರತಿಗಳನ್ನು ಲಕ್ಷಗಟ್ಟಲೆ ಮಾಡುವ ದಾರಿಯೂ ತೆರೆಯಿತು. ಮೊದಲನೆಯದು ಹೊಸ ತಳಿಯನ್ನು ಹುಟ್ಟಿಸುವ ವಿದ್ಯೆ. ಎರಡನೆಯದು ಹುಟ್ಟಿದ್ದನ್ನು ಹೆಚ್ಚಿಸುವ ವಿದ್ಯೆ. ಬೆಂಗಳೂರಿನ ಸುತ್ತಮುತ್ತ ಎರಡನೆಯದನ್ನು ಬಲ್ಲ ಪ್ರಯೋಗಾಲಯಗಳು ಬಹಳಷ್ಟಿವೆ. ಮೊದಲನೆಯದು ಬಹುಮಟ್ಟಿಗೆ ಹವ್ಯಾಸಿಗಳ ಪಾಲಿಗೆ ಬಿಟ್ಟಿದೆ.

ಮನೆಯಲ್ಲಿ ನಡೆಯುವ ಕೆಲಸದ ಕ್ರಮವೇನೆಂದರೆ, ಹೂವು ಅರಳಿ ಕೆಲವು ದಿನಗಳಾದ ಮೇಲೆ ಅದರ ನಡುವಿನ ಸ್ತಂಭದ ತುದಿಯಲ್ಲಿರುವ ಪುಟ್ಟ ಟೊಪ್ಪಿಗೆಯನ್ನು ಹಲ್ಲುಕಡ್ಡಿಯಿಂದ ಸರಿಸಿದರೆ ಹಳದಿ ಬಣ್ಣದ ಪರಾಗಪಿಂಡಗಳು ಕಡ್ಡಿಗೆ ಅಂಟಿಕೊಂಡು ಬರುತ್ತವೆ. ಅವನ್ನು ತಾಯಿ ಗಿಡದ ಹೂವಿನ ಸ್ತಂಭದ ಕೆಳಗಿರುವ ಅಂಟಾದ ಗುಳಿಯಲ್ಲಿ ಇರಿಸಬೇಕು. ಗಾತ್ರದಲ್ಲಿ ಬಹಳ ಅಂತರವಿರುವ ಎರಡು ಹೂವುಗಳನ್ನು ಕೂಡಿಸುವಾಗ ಸಣ್ಣ ಹೂವಿನ ಗಿಡವನ್ನೇ ತಾಯಿಯಾಗಿಸುವುದು ಅನುಭವಿಗಳ ರೂಢಿ. ಸಣ್ಣ ಹೂವಿನ ಪರಾಗನಾಳಕ್ಕೆ ದೊಡ್ಡ ಹೂವಿನ ಉದ್ದನೆಯ ದಾರಿಯನ್ನು ಕ್ರಮಿಸುವ ಶಕ್ತಿ ಸಾಲದು. ಎರಡು ದಿನಗಳಲ್ಲಿ ದಳಗಳು ಕುಗ್ಗುತ್ತವೆ. ಆದರೆ ಗರ್ಭಧಾರಣೆ ಆಗ ಇನ್ನೂ ಆಗಿರುವುದಿಲ್ಲ. ಇತರ ಹೂಗಳಂತಲ್ಲದೆ ಆರ್ಕಿಡ್‌ನಲ್ಲಿ ಪರಾಗ ಮುಟ್ಟಿದ ಮೇಲೆಯೇ ಅಂಡಕಗಳು ಬೆಳೆಯತೊಡಗುತ್ತವೆ. ನಿಜವಾದ ಮಿಲನ ವಾರಗಳ, ಕೆಲವು ಕುಲಗಳಲ್ಲಿ ತಿಂಗಳುಗಳ ನಂತರದ ಮಾತು. ಫೆಲನಾಪ್ಸಿಸ್ ಕಾಯಿ ನಾಲ್ಕರಿಂದ ಆರು ತಿಂಗಳಲ್ಲಿ ಬಲಿತರೆ, ಕ್ಯಾಟ್ಲಿಯಾ ಒಂಬತ್ತು ತಿಂಗಳು ಅಥವಾ ಒಂದು ವರ್ಷವನ್ನೇ ತೆಗೆದುಕೊಳ್ಳುತ್ತದೆ. ವಾಂಡಾ ಕೂಡ ವರ್ಷದ ಲೆಕ್ಕದಲ್ಲಿಯೇ ಕಾಯಿಸುತ್ತದೆ.

ಕಾಯಿ ಒಡೆಯುವ ಮುನ್ನ ಹಸಿರಾಗಿರುವಾಗಲೇ ಕೊಯ್ದರೆ ಒಳಗಿನ ಬೀಜಗಳಿಗೆ ಸೂಕ್ಷ್ಮಾಣುಗಳ ಸೋಂಕಿರುವುದಿಲ್ಲ. ಹೊರಮೈಯನ್ನು ಬ್ಲೀಚ್ ದ್ರಾವಣದಲ್ಲಿ ತೊಳೆದರೆ ಸಾಕು. ಅಗರ್, ಸಕ್ಕರೆ, ಲವಣ, ಜೊತೆಗೆ ಹಲವರು ಸೇರಿಸುವ ಎಳನೀರು, ಬಾಳೆಹಣ್ಣಿನ ತಿರುಳು, ಇದ್ದಿಲ ಪುಡಿ, ಇವೆಲ್ಲ ಬೆರೆತ ಗಂಜಿಯನ್ನು ಶೀಶೆಗಳಿಗೆ ತುಂಬಿ ಪ್ರೆಷರ್ ಕುಕ್ಕರಿನಲ್ಲಿ ಹದಿನೈದು ಪೌಂಡ್ ಒತ್ತಡದಲ್ಲಿ ಇಪ್ಪತ್ತು ನಿಮಿಷ ಬೇಯಿಸಲಾಗುತ್ತದೆ. ಅನ್ನ ಬೇಯಿಸುವ ಕುಕ್ಕರಿಗಿಂತ ಬೇರೆಯದೊಂದನ್ನು ಕೊಳ್ಳುವುದು ಗೃಹಶಾಂತಿಯ ದೃಷ್ಟಿಯಿಂದ ಉಚಿತ. ಮೀನಿನ ಹಳೆಯ ಗಾಜಿನ ತೊಟ್ಟಿಯನ್ನು ಮಗುಚಿ ಹಾಕಿ, ಕೈತೂರಿಸಲು ಎಡೆ ಮಾಡಿಕೊಂಡು, ಅದರೊಳಗೆ ಬೀಜ ಬಿತ್ತುವವರೂ ಇದ್ದಾರೆ. ಒಂದು ಕಾಯಿಯಲ್ಲಿ ಬೀಜಗಳು ಲಕ್ಷಗಟ್ಟಲೆ ಇರುತ್ತವೆ. ಅವುಗಳಲ್ಲಿ ಚಿಟಿಕೆಯಷ್ಟು ಮಾತ್ರ ಶೀಶೆಗೆ ಬೀಳುತ್ತದೆ. ಕೆಲವು ವಾರಗಳ ನಂತರ ಹಸಿರು ಚುಕ್ಕೆಗಳು ಕಾಣಿಸಿಕೊಂಡರೆ ಹವ್ಯಾಸಿಗೆ ಹಬ್ಬ. ಬೂದಿ ಬಣ್ಣದ ಬೂಷ್ಟು ಕಾಣಿಸಿಕೊಂಡರೆ ಒಂದು ವರ್ಷದ ಕಾಯುವಿಕೆ ಬಚ್ಚಲಿಗೆ.

ಅಲ್ಲಿಂದ ಮುಂದೆಯೂ ತಾಳ್ಮೆಯೇ ಬಂಡವಾಳ. ಸಸಿಗಳನ್ನು ಒಮ್ಮೆಯೋ ಎರಡು ಬಾರಿಯೋ ಹೊಸ ಶೀಶೆಗಳಿಗೆ ಬದಲಿಸಬೇಕು, ವರ್ಷ ಒಂದೂವರೆ ವರ್ಷದ ಮೇಲೆ ಹೊರತೆಗೆದು ಸಾಮೂಹಿಕ ಕುಂಡದಲ್ಲಿ ನೆಡಬೇಕು, ಬಸವನಹುಳುಗಳಿಂದ ಕಾಯಬೇಕು. ಶೀಶೆಯಿಂದ ಹೊರಬಂದ ಡೆಂಡ್ರೋಬಿಯಂ, ಫೆಲನಾಪ್ಸಿಸ್‌ಗಳು ಎರಡು ಮೂರು ವರ್ಷಗಳಲ್ಲಿ ಹೂಬಿಟ್ಟರೆ ಕ್ಯಾಟ್ಲಿಯಾ, ವಾಂಡಾಗಳು ಐದು ವರ್ಷ, ಅದಕ್ಕಿಂತಲೂ ಹೆಚ್ಚು ಬೇಡುತ್ತವೆ. ಒಂದೇ ಕಾಯಿಯ ಸಸಿಗಳು ಅಣ್ಣತಮ್ಮಂದಿರಂತೆ ಒಂದರಂತೆ ಒಂದಿರುವುದಿಲ್ಲ. ನೂರರಲ್ಲಿ ತೊಂಬತ್ತಕ್ಕೂ ಹೆಚ್ಚಿನವು ತಾಯಿ ತಂದೆಗಳಿಗಿಂತ ಕಳಪೆ ಎನ್ನುವಂತಿದ್ದರೆ ಆಶ್ಚರ್ಯಪಡಬೇಕಾಗಿಲ್ಲ. ಇದನ್ನು ಮುಚ್ಚಿಟ್ಟು ಹವ್ಯಾಸವನ್ನು ಹಣದ ಗಿಡವೆಂದು ಬಣ್ಣಿಸುವವರ ಮಾತಿಗೆ ಯಾರೂ ಮರುಳಾಗಬಾರದು. ಸಸಿ ಮಾರಿ, ಹೂವನ್ನು ತಾವೇ ಕೊಳ್ಳುವೆವೆಂದು ಭರವಸೆಯಿತ್ತು, ಹೂಬಿಡುವ ಹೊತ್ತಿಗೆ ದೂರವಾಣಿಯನ್ನೇ ಎತ್ತದ ಯೋಜನೆಗಳ ಕಹಿ ರಾಜ್ಯದ ಅನೇಕ ಬೆಳೆಗಾರರಿಗೆ ಬೇರೆ ಬೆಳೆಗಳಲ್ಲಿ ಆಗಿಹೋಗಿದೆ. ವೆನಿಲ್ಲಾದ ಏರಿಳಿತದ ಪಾಠವೂ ಅದೇ.

ಹಾಗಾದರೆ ಸಾವಿರಾರು ಸಸಿಗಳನ್ನು ಬೆಳೆಸಿ ಆರಿಸುವ ತೈವಾನಿನ, ಹಾಲೆಂಡಿನ ನರ್ಸರಿಗಳೆದುರು ತಾರಸಿಯ ಮೇಲಿನ ಐವತ್ತು ಕುಂಡಗಳಿಗೆ ಯಾವ ಬೆಲೆ ಎಂದು ಲೆಕ್ಕ ಬಲ್ಲ ವರ್ತಕರು ಕೇಳಬಹುದು. ನ್ಯಾಯವಾದ ಪ್ರಶ್ನೆ. ಅದಕ್ಕೆ ಉತ್ತರ ಹವೆಯಲ್ಲಿದೆ. ಪರದೇಶಿ ತಳಿಗಳನ್ನು ಆರಿಸಿದ್ದು ಬ್ಯಾಂಕಾಕಿನ ತೇವದಲ್ಲಿ ಅಥವಾ ಹಾಲೆಂಡಿನ ಗಾಜಿನ ಮನೆಯ ಕೃತಕ ಹವೆಯಲ್ಲಿ. ಅವು ಸಮುದ್ರಮಟ್ಟದಿಂದ ಸುಮಾರು ಒಂಬೈನೂರು ಮೀಟರ್ ಎತ್ತರದ ಬೆಂಗಳೂರಿಗೆ ಬಂದಾಗ ಚಳಿಗಾಲದ ರಾತ್ರಿಗಳಲ್ಲಿ ಮುದುಡುತ್ತವೆ, ಮಾರ್ಚ್ ತಿಂಗಳ ಒಣಗಾಳಿಗೆ ಮೊಗ್ಗು ಉದುರಿಸುತ್ತವೆ. ಹುಬ್ಬಳ್ಳಿ, ಧಾರವಾಡಗಳ ಬೇಸಗೆಯ ಮಾತಂತೂ ಬೇಡವೇ ಬೇಡ. ಅವನ್ನು ಉಳಿಸಿಕೊಳ್ಳಲು ಬೆಳೆಗಾರನು ತಂಪುಗೊಳಿಸುವ ಪ್ಯಾಡು, ಮಂಜು ಸೂಸುವ ನಳಿಕೆ, ವಿದ್ಯುತ್ ಬಿಲ್ಲುಗಳಿಗೆ ಹಣ ಸುರಿಯುತ್ತಾನೆ. ಹವ್ಯಾಸಿಯ ತಾರಸಿಯಲ್ಲಿ ಇವು ಯಾವುವೂ ಇಲ್ಲ. ಅಲ್ಲಿ ಹುಟ್ಟಿದ ಸಂಕರದ ಸಸಿಗಳನ್ನು ಊರಿನ ಹವೆಯೇ ಐದು ವರ್ಷ ಜರಡಿ ಹಿಡಿಯುತ್ತದೆ. ಬದುಕುಳಿದು ಹೂಬಿಟ್ಟ ಗಿಡ ಅಂದವಾಗಿಯೂ ಇದ್ದರೆ, ಅದು ಯಾವ ಆಮದು ಪಟ್ಟಿಯಲ್ಲಿಯೂ ಸಿಗದ ಸರಕು. ಕಂಪನಿಯ ತಳಿಗಾರನಿಗೆ ಮುಂದಿನ ಮೂರು ವರ್ಷಗಳ ಬೇಡಿಕೆಯ ಚಿಂತೆ, ಹವ್ಯಾಸಿಗೆ ಕುತೂಹಲವೊಂದೇ. ಯಾರೂ ಮಾಡದ ಜೋಡಿಗಳನ್ನು ಮಾಡಿನೋಡಲು ಅಂಥವರೇ ಬೇಕು.

ಜೋಡಿಗೆ ಬೇಕಾದ ಸಾಮಗ್ರಿಯೂ ಮನೆಬಾಗಿಲಲ್ಲಿದೆ. ಮುಂಗಾರಿನ ಹೊಸ್ತಿಲಲ್ಲಿ ಮಲೆನಾಡಿನ ಮರಗಳ ಮೇಲಿಂದ ನರಿಬಾಲದಂತೆ ಇಳಿಬೀಳುವ ಸೀತಾಳೆ ದಂಡೆಯನ್ನು ಕಾಣದವರು ಅಲ್ಲಿ ಯಾರೂ ಇಲ್ಲ. ಬಯಲುಸೀಮೆಯ ಮಾವಿನ ಮರಗಳ ಮೇಲೆ, ಬಿರುಬೇಸಗೆಯನ್ನು ಲೆಕ್ಕಿಸದೆ ಬದುಕುವ ವಾಂಡಾ ಟೆಸಲೇಟಾ ಇದೆ. ಕಂದು ಹಳದಿಯ ಚೌಕುಳಿ ದಳ, ನೀಲಿ ನೇರಳೆಯ ತುಟಿ, ಜೊತೆಗೆ ಪರಿಮಳ. ಪಶ್ಚಿಮ ಘಟ್ಟದ ಏರಿಡೀಸ್ ಜಾತಿಗಳದೂ ಪರಿಮಳದ ಹೂವೇ. ಇವನ್ನು ಹಳ್ಳಿಗಳಲ್ಲಿ ಬಂದಳಿಕೆಯೆಂದು ಕರೆದು ಮರದ ರಸ ಹೀರುವ ಕಳೆಯೆಂದು ಕಿತ್ತೆಸೆಯುವುದುಂಟು. ಇವು ಮರಕ್ಕೆ ಆತುಕೊಳ್ಳುತ್ತವೆಯೇ ಹೊರತು ಅದರ ರಸವನ್ನು ಕುಡಿಯುವುದಿಲ್ಲ. ಇಂಥ ಜಾತಿಗಳನ್ನು ವಿದೇಶಗಳ ತಳಿಗಾರರು ಬಹುಕಾಲದಿಂದ ತಾಯಿ ತಂದೆಗಳಾಗಿ ಬಳಸಿದ್ದಾರೆ. ಖಾಸಿ ಬೆಟ್ಟಗಳ ನೀಲಿ ವಾಂಡಾದಿಂದ ಹುಟ್ಟಿ 1931ರಲ್ಲಿ ನೋಂದಣಿಯಾದ ವಾಂಡಾ ರಾತ್‌ಶೀಲ್ಡಿಯಾನಾ ಇಂದಿಗೂ ಪ್ರಪಂಚದ ಮಾರುಕಟ್ಟೆಯಲ್ಲಿದೆ. ಆ ಬಣ್ಣ ಭಾರತದ್ದು, ಬಿಲ್ಲು ಬೇರೆಯವರದು.

ಹೀಗೆಂದೊಡನೆ ಕಾಡಿಗೆ ಚೀಲ ಹಿಡಿದು ಹೊರಡುವವರಿಗೆ ಎಚ್ಚರಿಕೆ ಅಗತ್ಯ. ಅರಣ್ಯದಿಂದ ಗಿಡ ಕೀಳುವುದು ಅಪರಾಧ. ನೀಲಿ ವಾಂಡಾ, ಕೆಂಪು ವಾಂಡಾ, ಎಲ್ಲ ಪ್ಯಾಫಿಯೋಪೆಡಿಲಂಗಳು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ವಿಶೇಷ ರಕ್ಷಣೆಯನ್ನು ಪಡೆದಿವೆ; 2022ರ ತಿದ್ದುಪಡಿಯ ನಂತರ ಅನುಸೂಚಿಗಳ ಕ್ರಮಸಂಖ್ಯೆ ಬದಲಾಗಿದೆಯಾದರೂ ರಕ್ಷಣೆ ಸಡಿಲವಾಗಿಲ್ಲ. ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ಪಟ್ಟಿಯಲ್ಲಿ ಇಡೀ ಆರ್ಕಿಡ್ ಕುಟುಂಬವೇ ಸೇರಿದೆ. ಸಂಕರಣಕ್ಕೆ ಬೇಕಾದುದು ಚಿಟಿಕೆ ಪರಾಗ, ಇಲ್ಲವೇ ನರ್ಸರಿಯಲ್ಲಿ ಬೀಜದಿಂದ ಬೆಳೆಸಿದ ಒಂದು ಗಿಡ. ಬಿಲ್ಲು ಸಮೇತ ಕೊಂಡ ಗಿಡವೇ ಮುಂದೆ ರಫ್ತಿನ ಸಮಯದಲ್ಲಿ ವರ್ತಕನನ್ನು ಕಾಯುವುದು. ಕಾಡಿನ ಗಿಡಗಳನ್ನು ರಸ್ತೆ ಬದಿಯಲ್ಲಿ ಕಟ್ಟುಕಟ್ಟಾಗಿ ಮಾರುವವರಿಂದ ಕೊಳ್ಳುವ ನರ್ಸರಿಗಳು ಇನ್ನೂ ಇವೆ ಎಂಬುದು ಈ ವ್ಯಾಪಾರಕ್ಕೆ ಶೋಭೆ ತರುವ ಸಂಗತಿಯಲ್ಲ.

ಕೈಯಿಂದ ಪರಾಗಸ್ಪರ್ಶ ಮಾಡಿ ತಳಿ ಕಟ್ಟುವ ವ್ಯವಹಾರ ಕರ್ನಾಟಕಕ್ಕೆ ಅಪರಿಚಿತವೇನಲ್ಲ. 1965ರಲ್ಲಿ ಮನಮೋಹನ ಅತ್ತಾವರ ಅವರು ಬೆಂಗಳೂರಿನಲ್ಲಿ ಸ್ಥಾಪಿಸಿದ ಇಂಡೋ-ಅಮೆರಿಕನ್ ಹೈಬ್ರಿಡ್ ಸೀಡ್ಸ್ ಸಂಸ್ಥೆಯು ಪೆಟೂನಿಯಾ ಹೂವಿನ ಸಂಕರ ಬೀಜವನ್ನು ಇಲ್ಲಿ ತಯಾರಿಸಿ ಹೊರದೇಶಗಳಿಗೆ ಕಳುಹಿಸಿತು. ಧಾರವಾಡದಲ್ಲಿ ಡಾ. ಬಿ. ಎಚ್. ಕಟರಕಿಯವರು ರೂಪಿಸಿ 1972ರಲ್ಲಿ ಬಿಡುಗಡೆಯಾದ ವರಲಕ್ಷ್ಮಿ ಹತ್ತಿಯು ಹುಬ್ಬಳ್ಳಿಯ ಅರಳೆ ವರ್ತಕರ ಲೆಕ್ಕಪುಸ್ತಕಗಳನ್ನೇ ಬದಲಿಸಿತು. ರಾಣೇಬೆನ್ನೂರಿನ ಸುತ್ತಲಿನ ಹಳ್ಳಿಗಳಲ್ಲಿ ಹತ್ತಿ, ತರಕಾರಿಗಳ ಸಂಕರ ಬೀಜೋತ್ಪಾದನೆ ಮನೆಮನೆಯ ಕಸುಬಾಗಿದೆ. ಅಂದರೆ ಜ್ಞಾನಕ್ಕೂ ಕೈಗಳಿಗೂ ಕೊರತೆಯಿಲ್ಲ. ಅಲಂಕಾರಿಕ ಸಸ್ಯಗಳ ವರ್ತಕರು ಮಾತ್ರ ತಳಿಯನ್ನು ಆಮದು ಪೆಟ್ಟಿಗೆಯಲ್ಲಿಯೇ ಹುಡುಕುತ್ತಿದ್ದಾರೆ.

ಕೊರತೆ ಇರುವುದು ನಡುವಿನ ಕೊಂಡಿಯಲ್ಲಿ. ಹವ್ಯಾಸಿಯೊಬ್ಬ ವರ್ಷವಿಡೀ ಕಾದು ಪಡೆದ ಕಾಯಿಯನ್ನು ಅಂಗಾಂಶ ಕೃಷಿ ಪ್ರಯೋಗಾಲಯಕ್ಕೆ ಒಯ್ದರೆ ಸಾಮಾನ್ಯವಾಗಿ ಸಿಗುವ ಉತ್ತರ, ಇಷ್ಟು ಸಾವಿರ ಸಸಿಗಳಿಗಿಂತ ಕಡಿಮೆಯ ಆದೇಶ ಸ್ವೀಕರಿಸುವುದಿಲ್ಲ ಎಂಬುದು. ಪ್ರಯೋಗಾಲಯದವರ ಕಷ್ಟವೂ ಅರ್ಥವಾಗತಕ್ಕದ್ದೇ. ಹೊರಗಿನಿಂದ ಬಂದ ಕಾಯಿಯೊಂದಿಗೆ ಸೋಂಕು ಬಂದರೆ ಬಾಳೆಯ ಸಾವಿರಾರು ಸಸಿಗಳು ಅಪಾಯಕ್ಕೀಡಾಗುತ್ತವೆ. ಆದರೆ ಬಾಳೆ ಸಸಿಗಳ ಬೇಡಿಕೆ ವರ್ಷವಿಡೀ ಒಂದೇ ಸಮನಿರುವುದಿಲ್ಲ. ಬಿಡುವಿನ ತಿಂಗಳುಗಳಲ್ಲಿ ಪ್ರತ್ಯೇಕ ಕೊಠಡಿಯೊಂದರಲ್ಲಿ ಕಾಯಿಯೊಂದಕ್ಕೆ ಇಷ್ಟು ಎಂದು ದರ ನಿಗದಿಪಡಿಸಿ, ಬಿತ್ತಿ, ಸಸಿ ತುಂಬಿದ ಶೀಶೆಗಳನ್ನು ಹಿಂದಿರುಗಿಸುವ ಸೇವೆ ಪರದೇಶಗಳಲ್ಲಿ ರೂಢಿಯಲ್ಲಿದೆ. ಶುಲ್ಕ ಸಣ್ಣದಿರಬಹುದು. ಆದರೆ ಆ ನೂರು ಕಾಯಿಗಳಲ್ಲಿ ಒಂದರಿಂದ ಉತ್ತಮ ಗಿಡ ಬಂದಾಗ, ಅದನ್ನು ಲಕ್ಷಕ್ಕೆ ಹೆಚ್ಚಿಸುವ ಗುತ್ತಿಗೆಯ ಮೊದಲ ಹಕ್ಕನ್ನು ಕರಾರಿನಲ್ಲಿಯೇ ಬರೆಸಿಕೊಳ್ಳಲು ಪ್ರಯೋಗಾಲಯಕ್ಕೆ ಯಾರ ಅಡ್ಡಿಯೂ ಇಲ್ಲ.

ಹಕ್ಕಿನ ವಿಷಯದಲ್ಲಿ ಹವ್ಯಾಸಿಗಳಲ್ಲಿ ಅಪಾರ ಗೊಂದಲವಿದೆ. ಹೊಸ ಸಂಕರವು ಹೂಬಿಟ್ಟ ಮೇಲೆ ಲಂಡನ್ನಿನ ರಾಯಲ್ ಹಾರ್ಟಿಕಲ್ಚರಲ್ ಸೊಸೈಟಿಯಲ್ಲಿ ಅಲ್ಪ ಶುಲ್ಕ ತೆತ್ತು ಅದರ ಹೆಸರನ್ನು ನೋಂದಾಯಿಸಬಹುದು. ಫ್ರೆಡರಿಕ್ ಸ್ಯಾಂಡರ್ ಎಂಬ ನರ್ಸರಿ ಒಡೆಯರು 1906ರಲ್ಲಿ ಆರಂಭಿಸಿದ ಪಟ್ಟಿಯನ್ನು ಆ ಸಂಸ್ಥೆ 1961ರಿಂದ ಮುಂದುವರಿಸಿಕೊಂಡು ಬಂದಿದೆ. ಅದರಲ್ಲಿ ಈಗ ಲಕ್ಷಕ್ಕೂ ಮಿಕ್ಕಿ ಹೆಸರುಗಳಿವೆ. ಮಗಳ ಹೆಸರನ್ನೋ ಊರಿನ ಹೆಸರನ್ನೋ ಇಟ್ಟ ಹೂವು ಆ ಪಟ್ಟಿಯಲ್ಲಿ ಸೇರಿದಾಗ ಆಗುವ ಸಂತೋಷ ಸಣ್ಣದಲ್ಲ. ಆದರೆ ಅದು ಕೇವಲ ಹೆಸರು. ಅದೇ ಎರಡು ಜಾತಿಗಳನ್ನು ನಾಳೆ ಮತ್ತೊಬ್ಬರು ಕೂಡಿಸಿದರೂ ಆ ಸಸಿಗಳಿಗೆ ಅದೇ ಹೆಸರು. ಮಾರಿದ ಹಣ ಅವರದು. ಮಾರಾಟದ ಹಕ್ಕು ಬೇಕಾದರೆ 2001ರ ಸಸ್ಯ ತಳಿಗಳ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆಯ ಬಾಗಿಲನ್ನೇ ತಟ್ಟಬೇಕು. ಅಲ್ಲಿ ನೋಂದಣಿಯಾಗುವುದು ಸಂಕರದ ಇಡೀ ಸಂತತಿಯಲ್ಲ. ಅದರಿಂದ ಆರಿಸಿ, ಯಥಾಪ್ರತಿಯಾಗಿ ವೃದ್ಧಿಸಿದ ಒಂದು ತಳಿ. ಅದು ಹೊಸದು, ಭಿನ್ನ, ಏಕರೂಪಿ ಮತ್ತು ಸ್ಥಿರ ಎಂದು ಸಾಬೀತಾದರೆ ಹದಿನೈದು ವರ್ಷಗಳವರೆಗೆ ಹಕ್ಕು ದೊರೆಯುತ್ತದೆ.

ಇಲ್ಲಿಯೇ ಹಲವರು ಎಡವುವುದು. ಭಾರತದಲ್ಲಿ ಮೊದಲ ಮಾರಾಟವಾಗಿ ಒಂದು ವರ್ಷ ಕಳೆದರೆ ಆ ತಳಿಯು ಕಾಯ್ದೆಯ ದೃಷ್ಟಿಯಲ್ಲಿ ಹೊಸದಾಗಿ ಉಳಿಯುವುದಿಲ್ಲ. ಹೂವಿನ ಅಂದಕ್ಕೆ ಮನಸೋತ ನರ್ಸರಿಯವನಿಗೆ ಹತ್ತು ಗಿಡ ಕೊಟ್ಟು, ಎರಡು ವರ್ಷ ಬಿಟ್ಟು ಅರ್ಜಿ ಹಾಕಿದರೆ ಅದು ತಿರಸ್ಕಾರಕ್ಕೆಂದೇ ಹಾಕಿದ ಅರ್ಜಿ. ಹತ್ತು ವರ್ಷಗಳ ಶ್ರಮ ಹತ್ತು ಗಿಡಗಳ ಬೆಲೆಗೆ ಹೋದಂತೆ. ಲಾಲ್‌ಬಾಗಿನ ಪ್ರದರ್ಶನದಲ್ಲಿ ಹವ್ಯಾಸಿಯ ಗಿಡವನ್ನು ಕಂಡು ಮೆಚ್ಚಿದ ವರ್ತಕನು ಕೊಳ್ಳುವ ಮೊದಲೇ ಅರ್ಜಿಯ ಮಾತೆತ್ತುವುದು ಇಬ್ಬರಿಗೂ ಹಿತ; ಹಕ್ಕಿಲ್ಲದ ತಳಿಗೆ ವರ್ತಕ ಹೂಡುವ ಬಂಡವಾಳವೂ ರಕ್ಷಣೆಯಿಲ್ಲದ ಬಂಡವಾಳವೇ. ಇನ್ನೊಂದು ಕಡೆಯ ಭಯವೂ ನಿರಾಧಾರ. ಪರರ ಸಂರಕ್ಷಿತ ತಳಿಯನ್ನು ಹೊಸ ತಳಿ ಹುಟ್ಟಿಸಲು ತಾಯಿ ತಂದೆಯಾಗಿ ಬಳಸುವ ಸ್ವಾತಂತ್ರ್ಯವನ್ನು ಅದೇ ಕಾಯ್ದೆಯ 30ನೆ ಪ್ರಕರಣ ಕೊಟ್ಟಿದೆ. ನಿಷೇಧವಿರುವುದು ಆ ತಳಿಯನ್ನೇ ನಕಲು ಮಾಡಿ ಮಾರುವುದಕ್ಕೆ. ಇಷ್ಟಾಗಿಯೂ ಕೊಂಡು ತಂದ ಗಿಡದಿಂದ ಸಂಕರ ಮಾಡಲು ಹಿಂಜರಿಯುವವರು, ಅದನ್ನೇ ಕದ್ದು ನಕಲು ಮಾಡಲು ಹಿಂಜರಿಯದವರು ಇಬ್ಬರೂ ಮಾರುಕಟ್ಟೆಯಲ್ಲಿದ್ದಾರೆ.

ಗಿಡ ಕೊಳ್ಳುವಾಗ ಕೂಡ ಒಂದು ಮಾತು. ಪೇಟೆಯಲ್ಲಿ ಸಿಗುವ ದೊಡ್ಡ ಹೂವಿನ ಅನೇಕ ತಳಿಗಳು ತ್ರಿಗುಣಿತ ವರ್ಣತಂತುಗಳನ್ನು ಹೊಂದಿದ್ದು ಬಹುತೇಕ ಬಂಜೆ. ಕಾಯಿ ಕಟ್ಟಿದರೂ ಒಳಗೆ ಹೊಟ್ಟು. ಅದಕ್ಕಿಂತಲೂ ದೊಡ್ಡ ಅಡಚಣೆ, ಗಿಡಗಳಿಗೆ ಹೆಸರೇ ಇಲ್ಲದಿರುವುದು. ಸಗಟು ವರ್ತಕನ ಬಳಿ ಇದ್ದ ಹೆಸರಿನ ಚೀಟಿಯು ಚಿಲ್ಲರೆ ಅಂಗಡಿಗೆ ಬರುವ ಹೊತ್ತಿಗೆ ಕಳಚಿ, ನೇರಳೆ ಆರ್ಕಿಡ್, ಬಿಳಿ ಆರ್ಕಿಡ್ ಎಂಬೆರಡೇ ಹೆಸರುಗಳು ಉಳಿಯುತ್ತವೆ. ಹೆಸರಿಲ್ಲದ ಗಿಡದ ಸಂತಾನಕ್ಕೆ ಯಾವ ಪಟ್ಟಿಯಲ್ಲಿಯೂ ಜಾಗವಿಲ್ಲ. ಅದು ಎಷ್ಟೇ ಸುಂದರವಾಗಿದ್ದರೂ ವಂಶವಿಲ್ಲದ ಸರಕು. ಕೆಲವೇ ಪೈಸೆಗಳ ಪ್ಲಾಸ್ಟಿಕ್ ಚೀಟಿಯನ್ನು ಉಳಿಸಲು ಹೋಗಿ ಮುಂದಿನ ಹತ್ತು ವರ್ಷಗಳ ತಳಿಕಾರ್ಯವನ್ನು ಕಳೆಯುವ ಈ ಜಾಣತನ ವ್ಯಾಪಾರವಂತೂ ಅಲ್ಲ.

ಸಣ್ಣ ಕೈಗಾರಿಕೆಗಳಿಗೂ ಇದರಲ್ಲಿ ಪಾಲಿದೆ. ತಿಪಟೂರು, ಅರಸೀಕೆರೆ ಕಡೆಯ ತೆಂಗಿನ ಸಿಪ್ಪೆಯನ್ನು ಕತ್ತರಿಸಿ, ಉಪ್ಪಿನಂಶ ತೊಳೆದು, ಒಂದೇ ಅಳತೆಗೆ ಜರಡಿ ಹಿಡಿದ ತುಂಡುಗಳು ಬೆಳೆಗಾರರಿಗೆ ಬೇಕು. ಸದ್ಯ ಸಿಗುವುದರಲ್ಲಿ ಪುಡಿಯೇ ಅರ್ಧ. ಬದಿಗಳಲ್ಲಿ ತೂತಿರುವ ಕುಂಡ, ಬಿಸಿಲಿಗೆ ಮಾಸದ ಶಾಯಿ, ಸೋಸುಗಾಳಿ ಬಿಡುವ ಶೀಶೆಯ ಮುಚ್ಚಳ, ಮೇಜಿನ ಮೇಲೆ ಇಡಬಹುದಾದಷ್ಟು ಚಿಕ್ಕದಾದ ಶುದ್ಧಗಾಳಿಯ ಪೆಟ್ಟಿಗೆ, ಇವುಗಳಲ್ಲಿ ಯಾವುದೂ ಪೀಣ್ಯದ ಕಾರ್ಖಾನೆಗಳಿಗೆ ಕಷ್ಟದ ಕೆಲಸವಲ್ಲ. ಆದರೂ ಹವ್ಯಾಸಿಗಳು ಇವನ್ನು ಹೊರದೇಶದಿಂದ ತರಿಸುತ್ತಾರೆ, ಇಲ್ಲವೇ ಮೀನಿನ ತೊಟ್ಟಿಯನ್ನು ಮಗುಚುತ್ತಾರೆ.

ಹವ್ಯಾಸಿಗಳಲ್ಲಿ ಅನೇಕರು ನಿವೃತ್ತರು. ಅವರ ಗಿಡಗಳಿಗೆ ವಾರಸುದಾರರು ಸಿಗುವುದು ಅಪರೂಪ. ಯಾವ ತಾಯಿಗೆ ಯಾವ ತಂದೆ, ಯಾವ ದಿನ ಎಂದು ಬರೆದಿಟ್ಟ ನೋಟುಪುಸ್ತಕ ಹಳೆಯ ಕಾಗದದ ತೂಕಕ್ಕೆ ಹೋದರೆ ಗಿಡಗಳು ನೆರೆಮನೆಗಳಿಗೆ ಹಂಚಿಹೋಗುತ್ತವೆ. ಪ್ರತಿ ವರ್ಷ ಆಗಸ್ಟ್ ಹಾಗೂ ಜನವರಿ ತಿಂಗಳುಗಳಲ್ಲಿ ಲಾಲ್‌ಬಾಗಿನಲ್ಲಿ ಪುಷ್ಪ ಪ್ರದರ್ಶನ ನಡೆಯುವಾಗ ವಾಣಿಜ್ಯ ಮಂಡಲಿಗಳು ಮಳಿಗೆ ಹಾಕುವುದುಂಟು. ಅಲ್ಲಿ ಒಂದು ಮೇಜನ್ನು ಈ ನೋಟುಪುಸ್ತಕಗಳ ಪ್ರತಿ ಮಾಡಿಕೊಳ್ಳಲು, ಮತ್ತೊಂದನ್ನು ತಳಿ ನೋಂದಣಿಯ ಅರ್ಜಿ ತುಂಬಿಕೊಡಲು ಮೀಸಲಿಟ್ಟರೆ ಆಗುವ ಖರ್ಚು ಒಂದು ದಿನದ ಚಹಾ ಉಪಾಹಾರದ್ದಕ್ಕಿಂತ ಹೆಚ್ಚಾಗದು. ಈ ಮಳೆಗಾಲದಲ್ಲಿ ಕಟ್ಟಿದ ಡೆಂಡ್ರೋಬಿಯಂ ಕಾಯಿಯು ವರ್ಷಾಂತ್ಯಕ್ಕೆ ಶೀಶೆ ಸೇರಲು ಸಿದ್ಧವಾಗಿರುತ್ತದೆ. ಅದನ್ನು ಬಿತ್ತಿಕೊಡುವ ಪ್ರಯೋಗಾಲಯದ ವಿಳಾಸ ಮತ್ತು ದರಪಟ್ಟಿ ಅಷ್ಟರೊಳಗೆ ಅಚ್ಚಾಗಿರಬೇಕು.